ಗದ್ದೆಯ ಮಣ್ಣಿನಿಂದ ಹಿತ್ತಿಲ ಜಗಲಿಗೆ

ಸಹೋದರಿ, ನಿಮ್ಮ ಅಡುಗೆ ಮನೆಯಲ್ಲಿ ಇನ್ನೂ ಒಂದು ಮಣ್ಣಿನ ಚಟ್ಟಿ ಉಳಿದಿದೆಯೇ? ಹುಳಿ ಹಾಕಿದ ಮೀನಿನ ಸಾರು ಮರುದಿನ ಬೆಳಿಗ್ಗೆ ಇನ್ನಷ್ಟು ರುಚಿಯಾಗುವುದು ಅದರಲ್ಲೇ ಎಂದು ನಿಮ್ಮ ಅತ್ತೆಯೋ ಉಮ್ಮನೋ ಹೇಳಿರಬಹುದು. ಓಡುದೋಸೆ ಸುಡುವ ಮಣ್ಣಿನ ಓಡು ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿರಲೂಬಹುದು. ಆ ಚಟ್ಟಿಯನ್ನು ಯಾರು ಮಾಡಿದರು, ಯಾವ ಗದ್ದೆಯ ಮಣ್ಣಿನಿಂದ ಮಾಡಿದರು ಎಂದು ನಾವು ಕೇಳಿದ್ದು ಕಡಿಮೆ. ಸಂತೆಯಿಂದ ತಂದೆವು, ಒಲೆಯ ಮೇಲೆ ಇಟ್ಟೆವು, ಒಡೆದಾಗ ತೆಂಗಿನ ಬುಡಕ್ಕೆ ಎಸೆದೆವು.

ಈಗ ಕುಂಬಾರಿಕೆ ಎಂಬುದು ನಗರಗಳಲ್ಲಿ ಒಂದು ಹವ್ಯಾಸವಾಗಿ ಬೆಳೆದಿದೆ. ಬೆಂಗಳೂರಿನಲ್ಲಿ ಶುಲ್ಕ ಕೊಟ್ಟು ಮಣ್ಣು ಕಲಸಲು ಹೋಗುವ ಗೃಹಿಣಿಯರಿದ್ದಾರೆ, ಕಂಪ್ಯೂಟರ್ ಕೆಲಸದವರಿದ್ದಾರೆ. ಅವರ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ‘ನನಗೂ ಕಲಿಯಬೇಕು’ ಎಂದು ಆಸೆಪಡುವ ಸಹೋದರಿಯರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ನಿಮಗೂ ಅಂಥ ಆಸೆ ಇದ್ದರೆ ಬೆಂಗಳೂರಿಗೆ ಹೋಗುವ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳನ್ನು ಸುತ್ತಿ ಬನ್ನಿ. ಸುಬಹ್ ನಮಾಝ್ ಮುಗಿಸಿ ಹೊರಟರೆ ಮಗ್ರಿಬ್‌ಗೆ ಮುನ್ನ ಮನೆ ಸೇರಬಹುದಾದಷ್ಟೇ ದೂರ. ನೀವು ಕಲಿಯಬೇಕೆಂದಿರುವ ವಿದ್ಯೆ ಈ ದಾರಿಯ ಇಕ್ಕೆಲದಲ್ಲೇ ಇದೆ. ಆದರೆ ಹೆಚ್ಚು ದಿನ ಕಾದರೆ ಅದು ನಿಮಗಾಗಿ ಉಳಿದಿರುತ್ತದೆ ಎಂದು ಹೇಳಲಾಗದು.

ಬಂಟ್ವಾಳ: ನದಿ ತಂದ ಮಣ್ಣು

ಬಿ.ಸಿ.ರೋಡಿನಲ್ಲಿ ಬಸ್ಸಿನಿಂದ ಇಳಿದು ಪಾಣೆಮಂಗಳೂರಿನ ಹಳೆಯ ಸೇತುವೆಯ ಕಡೆಗೆ ನಡೆಯಿರಿ. ಕೆಳಗೆ ನೇತ್ರಾವತಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಸಿಕೊಂಡು ಬಂದ ಈ ನದಿ ಇಲ್ಲಿ ಅಗಲವಾಗಿ, ಬೇಸಗೆಯಲ್ಲಿ ಸಮಾಧಾನವಾಗಿ ಹರಿಯುತ್ತದೆ. ಮಳೆಗಾಲದ ಮಾತು ಬೇರೆ. 1923ರ ನೆರೆಯ ಕಥೆಯನ್ನು ಬಂಟ್ವಾಳದ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದಾರೆ. 1974ರ ನೆರೆಯನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಗಡಿ, ಮನೆಗಳನ್ನು ಮುಳುಗಿಸಿದ ಅದೇ ನೀರು ಇಳಿದು ಹೋಗುವಾಗ ತಗ್ಗಿನಲ್ಲಿ ನುಣ್ಣನೆಯ ಕೆಸರನ್ನು ಬಿಟ್ಟು ಹೋಗುತ್ತದೆ. ಸಾವಿರಾರು ಮಳೆಗಾಲ ಹೀಗೆ ಬಿಟ್ಟು ಹೋದದ್ದೇ ನಮ್ಮ ಆವೆಮಣ್ಣು.

ಕರಾವಳಿಯ ಗುಡ್ಡಗಳೆಲ್ಲ ಮುರಕಲ್ಲಿನವು. ಆ ಕೆಂಪು ಕಲ್ಲು ಮಳೆ-ಬಿಸಿಲಿಗೆ ಸವೆದು, ಅದರ ಅತಿ ನುಣುಪಾದ ಕಣಗಳು ಮಾತ್ರ ನೀರಿನೊಂದಿಗೆ ಕೆಳಗಿಳಿಯುತ್ತವೆ. ನಮ್ಮ ರೈತರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆಯಾಗಿ ಹೆಸರಿಸುತ್ತಾರೆ. ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಮಡಕೆಯ ಮಣ್ಣು ಹುಡುಕುವವನು ಗುಡ್ಡಕ್ಕೆ ಹೋಗುವುದಿಲ್ಲ, ಬೈಲಿಗೆ ಇಳಿಯುತ್ತಾನೆ. ಮೇಲಿನ ಮಣ್ಣನ್ನು ಸರಿಸಿ ಅಡಿಯ ಅಂಟುಮಣ್ಣನ್ನು ತೆಗೆಯುತ್ತಾನೆ. ಮಡಕೆ ಕೆಂಪಾಗುವುದು ಆ ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ.

ಈ ಮಣ್ಣಿನ ಗುಣವನ್ನು ಜಗತ್ತಿಗೆ ತೋರಿಸಿದ್ದು ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಮಣ್ಣು ಅಲ್ಲಿ ಹೆಂಚಾಗಿ ಮುಂಬಯಿಗೆ, ಕಡಲಾಚೆಯ ನಾಡುಗಳಿಗೆ ಹಡಗು ಹತ್ತಿತು. ಕಾಂಕ್ರೀಟ್ ತಾರಸಿ ಬಂದ ಮೇಲೆ ಒಂದೊಂದಾಗಿ ಹೆಂಚಿನ ಕಾರ್ಖಾನೆಗಳು ಬಾಗಿಲು ಹಾಕಿದವು. ಆದರೆ ಕಾರ್ಖಾನೆಗೂ ಎಷ್ಟೋ ಮೊದಲು ಈ ಮಣ್ಣನ್ನು ಅರಿತಿದ್ದವರು ಬೇರೆಯೇ ಇದ್ದರು. ತುಳುವಿನಲ್ಲಿ ಅವರು ಓಡಾರಿಗಳು. ಕನ್ನಡದಲ್ಲಿ ಕುಲಾಲರು, ಕುಂಬಾರರು.

ಅವರ ಕೈಕೆಲಸವನ್ನು ಒಟ್ಟಿಗೆ ನೋಡಬೇಕೆಂದರೆ ಬಿ.ಸಿ.ರೋಡಿನ ಸಂಚಯಗಿರಿಯಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರಕ್ಕೆ ಹೋಗಿ. ಪ್ರೊ. ತುಕಾರಾಮ ಪೂಜಾರಿಯವರು ತುಳುನಾಡಿನ ಮನೆಮನೆಗಳಲ್ಲಿ ಬಳಕೆ ತಪ್ಪಿದ ವಸ್ತುಗಳನ್ನು ಕೂಡಿಹಾಕಿ ಕಟ್ಟಿದ ಸಂಗ್ರಹಾಲಯ ಅಲ್ಲಿದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ನಿಮ್ಮ ಅಜ್ಜಿ ದಿನವೂ ಮುಟ್ಟುತ್ತಿದ್ದ ವಸ್ತುಗಳು ಅಲ್ಲಿ ಚೀಟಿ ಅಂಟಿಸಿಕೊಂಡು ಕುಳಿತಿರುವುದನ್ನು ಕಂಡಾಗ, ಎಷ್ಟು ಬೇಗ ಕಾಲ ಸರಿಯಿತು ಎಂದು ಅನಿಸದೆ ಇರದು.

ಓಡಾರಿಯ ಅಂಗಳದಲ್ಲಿ

ಸಂಗ್ರಹಾಲಯದಲ್ಲಿ ಕಂಡದ್ದು ಇನ್ನೂ ಜೀವಂತವಾಗಿರುವುದು ಹಳ್ಳಿಯ ಕೆಲವೇ ಅಂಗಳಗಳಲ್ಲಿ. ತಾಲೂಕಿನ ಒಳಊರುಗಳಲ್ಲಿ ವಿಚಾರಿಸಿದರೆ ಈಗಲೂ ತಿಗರಿ ತಿರುಗಿಸುವ ಮನೆ ಯಾವುದೆಂದು ಯಾರಾದರೂ ಹೇಳುತ್ತಾರೆ. ಹೋಗುವ ಮೊದಲು ಫೋನು ಮಾಡಿ ಅನುಮತಿ ಕೇಳಿ. ಬರಿಗೈಯಲ್ಲಿ ಹೋಗಿ ಫೋಟೋ ಹೊಡೆದು ಬರುವುದು ಸಭ್ಯತೆಯಲ್ಲ.

ಅಲ್ಲಿ ನೀವು ಮೊದಲು ಕಾಣುವುದು ತಿಗರಿಯನ್ನಲ್ಲ, ಮಣ್ಣಿನ ರಾಶಿಯನ್ನು. ಗದ್ದೆಯಿಂದ ತಂದ ಮಣ್ಣನ್ನು ಒಣಗಿಸಿ, ಪುಡಿಮಾಡಿ, ಕಲ್ಲು-ಬೇರು ಆಯ್ದು, ನೀರಿನಲ್ಲಿ ನೆನೆಸಿ, ಹದಕ್ಕೆ ಬೇಕಾದಷ್ಟು ಮರಳು ಬೆರೆಸಿ ಕಾಲಿನಿಂದ ತುಳಿಯಬೇಕು. ಒಳಗೆ ಒಂದು ಸಣ್ಣ ಕಲ್ಲು ಉಳಿದರೂ ಮಡಕೆ ಅಲ್ಲೇ ಬಿರಿಯುತ್ತದೆ. ಈ ಕೆಲಸದ ಬಹುಪಾಲನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು ಆ ಮನೆಯ ಹೆಂಗಸರು. ನಮ್ಮ ದೇಶದ ಅನೇಕ ಕಡೆ ತಿಗರಿಯ ಮುಂದೆ ಕೂರುವುದು ಗಂಡಸರಿಗೆ ಮಾತ್ರ ಎಂಬ ಪದ್ಧತಿ ಇತ್ತು. ಮಣ್ಣು ಹದಮಾಡುವುದು, ತಟ್ಟುವುದು, ನುಣುಪು ಮಾಡುವುದು, ಬುಟ್ಟಿಯಲ್ಲಿ ತುಂಬಿಸಿ ತಲೆಯ ಮೇಲೆ ಹೊತ್ತು ಮನೆಮನೆಗೆ ಮಾರುವುದು ಹೆಂಗಸರ ಪಾಲು. ಮಡಕೆಗೆ ಹೆಸರು ಬಂದದ್ದು ಚಕ್ರ ತಿರುಗಿಸಿದವನಿಂದ. ಮಡಕೆ ಗಟ್ಟಿಯಾದದ್ದು ಮಣ್ಣು ತುಳಿದವಳಿಂದ.

ತಿಗರಿಯ ಮೇಲಿನ ಕೆಲಸ ಕಣ್ಣಿಗೆ ಸುಲಭವೆನಿಸುತ್ತದೆ. ಮುದ್ದೆ ಮಣ್ಣು ಚಕ್ರದ ಸರಿಯಾದ ನಡುವಿಗೆ ನಿಲ್ಲಬೇಕು. ಕೂದಲೆಳೆಯಷ್ಟು ಓರೆಯಾದರೂ ಎದ್ದು ನಿಂತ ಗೋಡೆ ತೂಗಾಡಿ ಮಡಚಿ ಬೀಳುತ್ತದೆ. ಹೊಸಬರಿಗೆ ಈ ಒಂದು ಹೆಜ್ಜೆಗೇ ವಾರಗಟ್ಟಲೆ ಬೇಕು. ಇನ್ನೊಂದು ವಿಷಯ ನಿಮಗೆ ಅಚ್ಚರಿ ತರಬಹುದು: ದುಂಡು ತಳದ ಅಡುಗೆ ಮಡಕೆ ಸಾಮಾನ್ಯವಾಗಿ ತಿಗರಿಯಿಂದ ಇಳಿಯುವಾಗ ಅದಕ್ಕೆ ತಳವೇ ಇರುವುದಿಲ್ಲ! ಬಾಯಿ ಮತ್ತು ಗೋಡೆ ಮಾತ್ರ. ಅರೆ ಒಣಗಿದ ಮೇಲೆ ಒಳಗಿನಿಂದ ಒಂದು ನುಣುಪಾದ ಕಲ್ಲನ್ನು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಮೆಲ್ಲನೆ ತಟ್ಟುತ್ತಾ, ತಿರುಗಿಸುತ್ತಾ ತಳವನ್ನು ಮುಚ್ಚುತ್ತಾರೆ. ಹೀಗೆ ತಟ್ಟಿದ ಮಣ್ಣು ಒತ್ತಾಗಿ ಕೂಡಿಕೊಳ್ಳುವುದರಿಂದ ಗೋಡೆ ತೆಳುವಾಗಿಯೂ ಗಟ್ಟಿಯಾಗಿಯೂ ಇರುತ್ತದೆ. ದುಂಡು ತಳಕ್ಕೆ ಒಲೆಯ ಉರಿ ಎಲ್ಲ ಕಡೆಯಿಂದ ಸಮನಾಗಿ ತಾಗುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಸುಮ್ಮನೆ ಕಟ್ಟಿದ್ದಲ್ಲ.

ಈ ಅಂಗಳಕ್ಕೂ ನಮ್ಮ ಮನೆಗಳಿಗೂ ಹಳೆಯ ನಂಟು. ಮಡಕೆಯ ಬುಟ್ಟಿ ಹೊತ್ತು ಬಂದವಳು ಬ್ಯಾರಿ ಮನೆಯ ಜಗಲಿಯಲ್ಲಿ ಕೂತು ನೀರು ಕುಡಿದು, ಭತ್ತವನ್ನೋ ಅಕ್ಕಿಯನ್ನೋ ಅಳೆಸಿಕೊಂಡು, ಮಕ್ಕಳ ಯೋಗಕ್ಷೇಮ ಕೇಳಿ ಹೋಗುತ್ತಿದ್ದ ಕಾಲವೊಂದಿತ್ತು. ಉಪವಾಸದ ತಿಂಗಳ ಗಂಜಿಗೆ ದೊಡ್ಡ ಮಡಕೆ, ಪತ್ತಿರ್ ಸುಡಲು ಓಡು, ಮೀನಿಗೆ ಚಟ್ಟಿ ಎಂದು ನಮ್ಮ ಹಿರಿಯರು ಹೇಳಿ ಮಾಡಿಸುತ್ತಿದ್ದರು. ಅಲ್ಯೂಮಿನಿಯಂ, ಸ್ಟೀಲು, ನಾನ್‌ಸ್ಟಿಕ್ ಬಂದವು. ಬುಟ್ಟಿ ಹೊತ್ತವಳು ಬರುವುದನ್ನು ನಿಲ್ಲಿಸಿದಳು. ಅವಳೊಂದಿಗೆ ಆ ಮಾತುಕತೆಯೂ ನಿಂತಿತು. ಒಂದೇ ಊರಿನಲ್ಲಿದ್ದು ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಡದಂಥ ದಿನಗಳು ಬಂದಿರುವಾಗ, ಮಣ್ಣು ಕಲಿಯುವ ನೆಪದಲ್ಲಾದರೂ ನೀವು ಆ ಅಂಗಳಕ್ಕೆ ಹೋಗುವುದು ಸಣ್ಣ ಸಂಗತಿಯಲ್ಲ.

ಬೆಳ್ತಂಗಡಿ: ಬೈಲು ಹೋದರೆ ಮಡಕೆಯೂ ಹೋಯಿತು

ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬಸ್ಸು ಬೆಳ್ತಂಗಡಿಗೆ ಬರುವಾಗ ಕಿಟಕಿಯ ಪಕ್ಕ ಕೂತುಕೊಳ್ಳಿ. ಇಳಿಜಾರಿನಲ್ಲಿ ರಬ್ಬರು, ತಗ್ಗಿನಲ್ಲಿ ಅಡಿಕೆ. ಕಣ್ಣಿಗೆ ತಂಪು, ಕೃಷಿಕರ ಕೈಗೆ ಕಾಸು. ಆದರೆ ಈಗ ಅಡಿಕೆ ಮರಗಳು ನಿಂತಿರುವ ಎಷ್ಟೋ ತಗ್ಗುಗಳು ಹಿಂದೆ ಬೈಲು ಗದ್ದೆಗಳಾಗಿದ್ದವು. ಗದ್ದೆಯಾಗಿದ್ದಾಗ ಕೊಯ್ಲಾದ ಮೇಲೆ ಒಂದು ಮೂಲೆಯಲ್ಲಿ ಮಣ್ಣು ತೆಗೆಯಲು ಯಜಮಾನರು ಬೇಡವೆನ್ನುತ್ತಿರಲಿಲ್ಲ. ತೋಟವಾದ ಮೇಲೆ ಗುಂಡಿ ತೋಡುವಂತಿಲ್ಲ. ಉಳಿದ ತಗ್ಗುಗಳು ಮಣ್ಣು ತುಂಬಿಸಿಕೊಂಡು ಮನೆ ನಿವೇಶನಗಳಾದವು. ಹೀಗೆ ಕುಂಬಾರಿಕೆಗೆ ಪೆಟ್ಟು ಬಿದ್ದದ್ದು ಸ್ಟೀಲು ಪಾತ್ರೆಯಿಂದ ಮಾತ್ರವಲ್ಲ, ಕಾಲಡಿಯ ನೆಲದ ಬದಲಾವಣೆಯಿಂದಲೂ. ತಿಗರಿ ಇದೆ, ಕೈ ಇದೆ, ಮಣ್ಣಿಲ್ಲ! ಯಾವ ಬೈಲಿನ ಮಣ್ಣು ಚಟ್ಟಿಗೆ, ಯಾವುದು ಹೂಜಿಗೆ, ಯಾವುದಕ್ಕೆ ಎಷ್ಟು ಮರಳು ಎಂಬುದು ಎಲ್ಲಿಯೂ ಬರೆದಿಟ್ಟ ವಿದ್ಯೆಯಲ್ಲ. ಅದು ಕೆಲವು ವೃದ್ಧರ ಬೆರಳ ತುದಿಯಲ್ಲಿದೆ.

ಬೆಳ್ತಂಗಡಿಯವರೆಗೆ ಬಂದವರು ಜಮಾಲಾಬಾದ್ ಕೋಟೆಯನ್ನು ನೋಡದೆ ಹೋಗುವುದುಂಟೇ? ಟಿಪ್ಪು ಸುಲ್ತಾನರು 1794ರಲ್ಲಿ ಕಟ್ಟಿಸಿದ ಕೋಟೆ ಇದು. ಒಂದೇ ಬಂಡೆಯ ಬೆಟ್ಟ, ಕಲ್ಲಿನಲ್ಲೇ ಕಡಿದ ಮೆಟ್ಟಿಲು. ಮಳೆಗಾಲದಲ್ಲಿ ಜಾರುತ್ತದೆ, ಹತ್ತುವ ಸಾಹಸ ಬೇಡ. ಇಷ್ಟು ದೊಡ್ಡ ಬಂಡೆಯನ್ನು ಕೋಟೆ ಮಾಡಿದ ರಾಜ್ಯ ಐದೇ ವರ್ಷಗಳಲ್ಲಿ, 1799ರಲ್ಲಿ ಕೈತಪ್ಪಿತು. ಅದರ ಬುಡದಲ್ಲಿ ನಿಂತಾಗ ಮನುಷ್ಯನ ಅಲ್ಪತನ ತಾನಾಗಿಯೇ ಅರಿವಾಗುತ್ತದೆ.

ಇದೇ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಇದೆ. ಸ್ವಂತ ಉದ್ಯೋಗ ಮಾಡಬಯಸುವವರಿಗೆ ಊಟ-ವಸತಿಯೊಂದಿಗೆ ಉಚಿತ ತರಬೇತಿ ಕೊಡುವ ಈ ಸಂಸ್ಥೆಯ ಮಾದರಿ ಮುಂದೆ ದೇಶದಾದ್ಯಂತ ಹರಡಿತು. ನಿಮ್ಮ ಹವ್ಯಾಸ ಮುಂದೊಂದು ದಿನ ಸಣ್ಣ ಉದ್ಯಮವಾಗಬೇಕೆಂದಿದ್ದರೆ ಲೆಕ್ಕ ಇಡುವುದು, ಬೆಲೆ ಕಟ್ಟುವುದು, ಬ್ಯಾಂಕ್ ವ್ಯವಹಾರ ಮುಂತಾದವುಗಳ ಬಗ್ಗೆ ಅಲ್ಲಿ ವಿಚಾರಿಸಬಹುದು.

ಮೂಡುಬಿದಿರೆ: ಮಣ್ಣಿನಲ್ಲಿ ಉಳಿದ ಬೆರಳುಗಳು

ಗುರುವಾಯನಕೆರೆಗೆ ಹಿಂತಿರುಗಿ, ವೇಣೂರಿನ ಮೂಲಕ ಮೂಡುಬಿದಿರೆಯ ದಾರಿ ಹಿಡಿಯಿರಿ. ವೇಣೂರಿನಲ್ಲಿ ನಿಮಗೆ ಎದುರಾಗುವುದು ಫಲ್ಗುಣಿ ನದಿ. ಮುಂದೆ ಗುರುಪುರ ಹೊಳೆ ಎಂದು ಹೆಸರಾಗಿ ಹೆಂಚಿನ ಕಾರ್ಖಾನೆಗಳಿಗೆ ಮಣ್ಣು ಕೊಟ್ಟದ್ದು ಇದೇ ನದಿ.

ಮೂಡುಬಿದಿರೆ ಎಂದರೆ ಎಲ್ಲರಿಗೂ ನೆನಪಾಗುವುದು 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿ. ಕಲ್ಲಿನ ಕೆಲಸದ ಆ ವೈಭವ ಪ್ರಸಿದ್ಧವಾದುದೇ. ಮಣ್ಣಿನ ಕಥೆ ಮಾತ್ರ ಇನ್ನೂ ಹಳೆಯದು. ಪೇಟೆಯಿಂದ ಶಿರ್ತಾಡಿಗೆ ಹೋಗುವ ರಸ್ತೆಯಲ್ಲಿ ಸುಮಾರು ಎಂಟು ಕಿಲೋಮೀಟರ್ ದೂರದ ಮೂಡು ಕೊಣಾಜೆಯಲ್ಲಿ ದೊಡ್ಡ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಪ್ರಾಚೀನ ಸಮಾಧಿಗಳ ನೆಲೆ ಇದೆ. 1980ರ ದಶಕದಲ್ಲಿ ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ಟರು ಇದನ್ನು ಬೆಳಕಿಗೆ ತಂದಾಗ ಅಲ್ಲಿ ಒಂಬತ್ತು ಕಲ್ಮನೆಗಳಿದ್ದವು. ಈಗ ಸುಸ್ಥಿತಿಯಲ್ಲಿ ಉಳಿದಿರುವುದು ಎರಡೇ. 2023ರಲ್ಲಿ ಪುರಾತತ್ವ ಸಂಶೋಧಕ ಪ್ರೊ. ಟಿ. ಮುರುಗೇಶಿಯವರು ಇಲ್ಲಿ ಸುಟ್ಟ ಮಣ್ಣಿನ ಎಂಟು ಗೊಂಬೆಗಳು ದೊರೆತ ಸುದ್ದಿ ಪ್ರಕಟಿಸಿದರು. ಎತ್ತು, ನವಿಲು, ಕುದುರೆ ಮುಂತಾದ ರೂಪಗಳು. ಅವರು ಅಂದಾಜಿಸಿದ ಕಾಲ ಕ್ರಿ.ಪೂ. 800ರಿಂದ 700. ಅಂದರೆ ಸುಮಾರು ಎರಡು ಸಾವಿರದ ಏಳುನೂರು ವರ್ಷಗಳ ಹಿಂದೆ ನಮ್ಮ ಈ ಮಳೆನಾಡಿನಲ್ಲಿ ಯಾರೋ ಮಣ್ಣನ್ನು ಹದಮಾಡಿದ್ದಾರೆ, ರೂಪ ಕೊಟ್ಟಿದ್ದಾರೆ, ಬೆಂಕಿಯಲ್ಲಿ ಸುಟ್ಟಿದ್ದಾರೆ. ಅವರು ಯಾರು, ಯಾವ ಭಾಷೆ ಆಡುತ್ತಿದ್ದರು ಎಂಬುದು ಅಳಿಸಿಹೋಗಿದೆ. ಅವರ ಕೈಕೆಲಸ ಉಳಿದಿದೆ. ಅಲ್ಲಿಗೆ ಹೋದರೆ ನೋಡಿ ಬನ್ನಿ, ಏನನ್ನೂ ಹೆಕ್ಕಬೇಡಿ. ನೆಲದಲ್ಲಿ ಬಿದ್ದ ಒಂದು ಓಡಿನ ಚೂರು ಕೂಡ ಸಂಶೋಧಕರಿಗೆ ಒಂದು ಪುಟ.

ಇಲ್ಲಿ ಒಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬರುವುದು ಸಹಜ. ಮಣ್ಣಿನಲ್ಲಿ ಜೀವಿಗಳ ಪ್ರತಿಮೆ ಮಾಡುವುದರಿಂದ ನಾವು ದೂರ ಇರುತ್ತೇವಲ್ಲ, ಈ ಹವ್ಯಾಸ ನಮಗೆ ಹೊಂದುವುದೇ? ಕುಂಬಾರಿಕೆ ಎಂದರೆ ಗೊಂಬೆ ಮಾತ್ರವಲ್ಲ. ಪಾತ್ರೆ, ಬಟ್ಟಲು, ಹೂಜಿ, ಹೂಕುಂಡ, ಗೋಡೆಯ ಬಿಲ್ಲೆ ಎಲ್ಲವೂ ಅದೇ. ಬಳ್ಳಿ, ಎಲೆ, ನಕ್ಷತ್ರ, ಅಕ್ಷರ ಇವಿಷ್ಟನ್ನೇ ಹಿಡಿದು ಮುಸ್ಲಿಮ್ ಕುಶಲಕರ್ಮಿಗಳು ಮಣ್ಣಿನಲ್ಲಿ ಸಾಧಿಸಿದ್ದು ಕಡಿಮೆಯೇ? ಚಿನ್ನ-ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣಬಾರದೆಂದು ಪ್ರವಾದಿ(ಸ)ರು ಕಲಿಸಿದರು. ಒಂಬತ್ತನೇ ಶತಮಾನದಲ್ಲಿ ಅಬ್ಬಾಸೀ ಕಾಲದ ಇರಾಕಿನ ಕುಂಬಾರರು ಸಾಧಾರಣ ಮಣ್ಣಿನ ಬಟ್ಟಲಿನ ಮೇಲೆ ಲೋಹದ ಹೊಳಪು ಬರಿಸುವ ಬಣ್ಣವನ್ನು ಕಂಡುಹಿಡಿದರು. ಅಷ್ಟು ದೂರ ಯಾಕೆ, ನಮ್ಮ ಬೀದರಿನಲ್ಲಿ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದ್ರಸದ ಗೋಡೆಯಲ್ಲಿ ನೀಲಿ-ಬಿಳಿ-ಹಸಿರಿನ ಮೆರುಗು ಬಿಲ್ಲೆಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಎಲ್ಲಕ್ಕಿಂತ ಮಿಗಿಲಾಗಿ, ಮನುಷ್ಯನ ಸೃಷ್ಟಿಯನ್ನು ಹೇಳುವಾಗ ಪವಿತ್ರ ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯ ಮಡಕೆಯಂತೆ ಸದ್ದು ಮಾಡುವ ಒಣಮಣ್ಣನ್ನು ನೆನಪಿಸುತ್ತದೆ. ಮಣ್ಣನ್ನು ಕೈಯಲ್ಲಿ ಹಿಡಿದವರಿಗೆ ಆ ಮಾತಿನ ಭಾರ ಬೇರೆಯೇ ಆಗಿ ತಿಳಿಯುತ್ತದೆ.

ಹಿತ್ತಿಲ ಜಗಲಿಯ ಕಾರ್ಯಾಗಾರ

ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ದಾರಿಯಾಗಿ ಮತ್ತೆ ಬಂಟ್ವಾಳಕ್ಕೆ ಬಂದರೆ ಒಂದು ಸುತ್ತು ಪೂರ್ತಿಯಾಯಿತು. ಇನ್ನು ನಿಮ್ಮ ಮನೆಯ ಮಾತು.

ಮನೆಯಲ್ಲೇ ಮಣ್ಣಿನ ಕೆಲಸ ಆರಂಭಿಸಲು ದುಬಾರಿ ಯಂತ್ರ ಬೇಡ. ಹಿತ್ತಿಲ ಜಗಲಿಯ ಒಂದು ಮೂಲೆ, ತೊಳೆಯಬಹುದಾದ ನೆಲ, ಎರಡು ಬಕೆಟ್, ಒಂದು ಮರದ ಹಲಗೆ, ಹಳೆಯ ಹತ್ತಿ ಬಟ್ಟೆ, ಸ್ಪಂಜು, ಮಣ್ಣು ಕತ್ತರಿಸಲು ಗಟ್ಟಿ ನೂಲು, ಹಳೆಯ ಚಮಚ ಸಾಕು. ತಿಗರಿಯ ಮೋಹವನ್ನು ಮೊದಲ ಆರು ತಿಂಗಳು ದೂರವಿಡಿ.

ಮಣ್ಣನ್ನು ಪರೀಕ್ಷಿಸುವುದು ಹೀಗೆ: ತಗ್ಗಿನ ಗದ್ದೆಯ ಅಡಿಮಣ್ಣನ್ನು ಒಡೆಯರ ಒಪ್ಪಿಗೆಯೊಂದಿಗೆ ಒಂದು ಬುಟ್ಟಿಯಷ್ಟು ತನ್ನಿ. ಹದವಾಗಿ ಕಲಸಿ ಕಿರುಬೆರಳಿನ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ. ಬಿರಿಯದೆ ಸುತ್ತಿಕೊಂಡರೆ ಮಣ್ಣಿಗೆ ಅಂಟು ಇದೆ. ಬಿರಿದರೆ ಮರಳು ಹೆಚ್ಚು. ಅಂಟು ಇರುವ ಮಣ್ಣನ್ನು ಬಕೆಟಿನಲ್ಲಿ ಧಾರಾಳ ನೀರು ಹಾಕಿ ಕದಡಿ, ಜರಡಿಯಲ್ಲಿ ಸೋಸಿ, ಒಂದೆರಡು ದಿನ ತಂಗಲು ಬಿಡಿ. ಮೇಲಿನ ತಿಳಿನೀರು ಚೆಲ್ಲಿ, ಕೆಳಗೆ ನಿಂತ ಕೆಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದರೆ ರೊಟ್ಟಿ ಹಿಟ್ಟಿನ ಹದ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಕೆಲವು ವಾರ ಇಟ್ಟಷ್ಟೂ ಮಣ್ಣು ಕೈಗೆ ಒಗ್ಗುತ್ತದೆ.

ಇನ್ನು ಕೈಕೆಲಸ. ಪತ್ತಿರ್ ಹಿಟ್ಟು ನಾದಿದ ಕೈಗಳಿಗೆ ಇದು ತೀರ ಹೊಸದೇನಲ್ಲ. ಮಣ್ಣನ್ನು ಒತ್ತಿ ಒತ್ತಿ ನಾದಿ ಒಳಗಿನ ಗಾಳಿಯನ್ನು ಹೊರಡಿಸಿ. ನಿಂಬೆಗಾತ್ರದ ಉಂಡೆಯ ನಡುವೆ ಹೆಬ್ಬೆರಳು ಒತ್ತಿ, ತಿರುಗಿಸುತ್ತಾ ಚಿವುಟುತ್ತಾ ಹೋದರೆ ಒಂದು ಪುಟ್ಟ ಬಟ್ಟಲು. ಮುಂದಿನ ಪಾಠ ಹಗ್ಗದಂತೆ ಹೊಸೆದ ಮಣ್ಣನ್ನು ಸುರುಳಿ ಸುರುಳಿಯಾಗಿ ಪೇರಿಸಿ, ಸಂದುಗಳನ್ನು ಬೆರಳಿನಿಂದ ಉಜ್ಜಿ ಬೆಸೆದು ಹೂಜಿ ಎತ್ತುವುದು. ಬೆಸೆಯುವ ಕಡೆ ಗೀರು ಹಾಕಿ ತೆಳು ಕೆಸರು ಸವರಲು ಮರೆಯಬೇಡಿ. ಇಲ್ಲವಾದರೆ ಒಣಗುವಾಗ ಬಿಟ್ಟುಕೊಳ್ಳುತ್ತದೆ.

ಒಣಗಿಸುವುದೇ ತಾಳ್ಮೆಯ ಪರೀಕ್ಷೆ. ಮಣ್ಣು ಒಣಗುವಾಗ ಕುಗ್ಗುತ್ತದೆ. ಬಿಸಿಲಿಗೆ ಇಟ್ಟರೆ ಬಾಯಿ ಮೊದಲು ಒಣಗಿ, ತಳ ಹಸಿಯಾಗಿಯೇ ಉಳಿದು ಸೀಳು ಬೀಳುತ್ತದೆ. ನೆರಳಿನಲ್ಲಿ, ಮೇಲೆ ಸಡಿಲವಾಗಿ ಪ್ಲಾಸ್ಟಿಕ್ ಹೊದೆಸಿ, ದಿನಕ್ಕೊಮ್ಮೆ ಮಗುಚಿ. ನಮ್ಮ ಮಳೆಗಾಲದಲ್ಲಿ ವಾರವಲ್ಲ, ಮೂರು ವಾರವೂ ಬೇಕಾದೀತು. ಆ ತಿಂಗಳುಗಳನ್ನು ಅಭ್ಯಾಸಕ್ಕೆ ಇಟ್ಟುಕೊಂಡು ಸುಡುವ ಕೆಲಸವನ್ನು ಬೇಸಗೆಗೆ ಮುಂದೂಡಿ.

ಎರಡು ಎಚ್ಚರಿಕೆಗಳು. ಒಣಮಣ್ಣಿನ ಧೂಳನ್ನು ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ. ಆ ಧೂಳಿನಲ್ಲಿರುವ ಸಿಲಿಕಾ ವರ್ಷಾನುಗಟ್ಟಲೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೇಡು. ಕೈ ತೊಳೆದ ಕೆಸರು ನೀರನ್ನು ಅಡುಗೆ ಮನೆಯ ಪೈಪಿಗೆ ಬಿಡಬೇಡಿ. ಗಟ್ಟಿಕಟ್ಟಿ ಮುಚ್ಚಿದರೆ ತೆಗೆಸುವುದು ಕಷ್ಟ. ತೆಂಗಿನ ಬುಡಕ್ಕೆ ಚೆಲ್ಲಿ.

ಬೆಂಕಿಯ ಪ್ರಶ್ನೆ

ಮನೆಯ ಕುಂಬಾರಿಕೆ ಹೆಚ್ಚಾಗಿ ನಿಲ್ಲುವುದು ಇಲ್ಲೇ. ಒಣಗಿದ ಬಟ್ಟಲು ಎಷ್ಟೇ ಗಟ್ಟಿಯಾಗಿ ಕಂಡರೂ ಅದಿನ್ನೂ ಹಸಿಮಣ್ಣು. ನೀರು ಹಾಕಿದರೆ ಕರಗಿಬಿಡುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಮಣ್ಣು ಮತ್ತೆ ಕೆಸರಾಗದ ವಸ್ತುವಾಗಿ ಬದಲಾಗುವುದು. ಹಳ್ಳಿಯ ಆವಿಗೆಯ ಶಾಖ ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಕೇಕ್ ಬೇಯಿಸುವ ನಿಮ್ಮ ಓವನ್ ಹೆಚ್ಚೆಂದರೆ 250. ವಿದ್ಯುತ್ ಕುಲುಮೆಗಳು ಸಿಗುತ್ತವೆ, ಆದರೆ ಆರಂಭದಲ್ಲೇ ಅಷ್ಟು ಹಣ ಸುರಿಯುವುದು ಜಾಣತನವಲ್ಲ.

ಸರಳ ದಾರಿ ಎಂದರೆ ನೀವು ನೋಡಿ ಬಂದ ಓಡಾರಿಯ ಅಂಗಳವೇ. ಅವರು ಆವಿಗೆ ಹಾಕುವ ದಿನ ಕೇಳಿಕೊಂಡು ನಿಮ್ಮ ಬಟ್ಟಲುಗಳನ್ನೂ ಸೇರಿಸಲು ವಿನಂತಿಸಿ, ತಕ್ಕ ಹಣ ಕೊಡಿ. ಮಡಕೆಗಳನ್ನು ಒಂದರ ಮೇಲೊಂದು ಜೋಡಿಸಿ, ಸೌದೆ, ತೆಂಗಿನ ಸಿಪ್ಪೆ, ಗರಿ ಇಟ್ಟು, ಮೇಲೆ ಹುಲ್ಲು ಹೊದೆಸಿ ಕೆಸರು ಮೆತ್ತುವ ಆ ಕೆಲಸವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಮೊದಲ ಕೆಲವು ಗಂಟೆ ಹೊಗೆಯಷ್ಟೇ, ಉರಿ ಏರಿಸುವುದಿಲ್ಲ. ಒಳಗೆ ತೇವ ಉಳಿದಿದ್ದರೆ ಅದು ಆವಿಯಾಗಿ ಹಿಗ್ಗಿ ಪಾತ್ರೆಯನ್ನೇ ಸಿಡಿಸುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಮಡಕೆ ಕೆಂಪು, ಹೊಗೆ ಒಳಗೇ ಉಳಿಸಿದರೆ ಕಪ್ಪು. ಸುಟ್ಟ ಪಾತ್ರೆಯನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ. ಗಂಟೆಯಂತೆ ನಾದ ಬಂದರೆ ಬೆಂದಿದೆ, ಮಂಕಾದ ಸದ್ದು ಬಂದರೆ ಎಲ್ಲೋ ಬಿರುಕಿದೆ. ನೀವು ಒಯ್ದ ಹತ್ತರಲ್ಲಿ ನಾಲ್ಕು ಉಳಿದರೂ ‘ಅಲ್‌ಹಮ್ದುಲಿಲ್ಲಾಹ್’ ಎನ್ನಿ.

ಅಡುಗೆಗೆ ಬಳಸುವ ಪಾತ್ರೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಗಂಜಿತಿಳಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ ಪಳಗಿಸಿ. ಗಂಜಿಯ ಅಂಟು ಸೂಕ್ಷ್ಮ ರಂಧ್ರಗಳನ್ನು ತುಂಬುತ್ತದೆ. ನೀರಿನ ಹೂಜಿಗೆ ಹಾಗೆ ಮಾಡಬಾರದು. ಆ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಾಗುವುದು. ಅಂಗಡಿಯಲ್ಲಿ ಸಿಗುವ ಹೊಳಪಿನ ಮೆರುಗನ್ನು ತಿಳಿಯದೆ ಬಳಿಯಬೇಡಿ. ಕೆಲವದರಲ್ಲಿ ಸೀಸ ಇರುತ್ತದೆ, ಹುಳಿ ಪದಾರ್ಥ ತಾಗಿದರೆ ಅದು ಆಹಾರಕ್ಕೆ ಇಳಿಯುತ್ತದೆ.

ಕಲಿಸಿದವರನ್ನು ಮರೆಯದಿರಿ

‘ಓದಿದವಳು ನೀನು, ಈ ಕೆಸರಿನ ಕೆಲಸ ಯಾಕೆ?’ ಎಂದು ಕೇಳುವವರು ಮನೆಯಲ್ಲೂ ನೆರೆಯಲ್ಲೂ ಇರುತ್ತಾರೆ. ಪ್ರವಾದಿ ದಾವೂದ್(ಅ)ರು ರಾಜರಾಗಿದ್ದರೂ ತಮ್ಮ ಕೈದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂಬ ಹದೀಸನ್ನು ಅವರಿಗೆ ನೆನಪಿಸಿ. ಮಕ್ಕಳು ಶಾಲೆಗೆ ಹೋದ ಮೇಲಿನ ಒಂದು ಗಂಟೆ, ಅಸರ್ ನಂತರದ ಅರ್ಧ ಗಂಟೆ ನಿಮ್ಮದು. ಬೆಳಗಿನಿಂದ ರಾತ್ರಿವರೆಗೆ ಮಾಡಿದ ಅಡುಗೆ ರಾತ್ರಿಯೇ ಮುಗಿಯುತ್ತದೆ. ತೊಳೆದ ಬಟ್ಟೆ ಮರುದಿನ ಮತ್ತೆ ಕೊಳೆಯಾಗುತ್ತದೆ. ನಿಮ್ಮ ಬೆರಳಚ್ಚು ಹೊತ್ತು ಹಲವು ವರ್ಷ ನಿಲ್ಲುವಂಥದ್ದೊಂದನ್ನು ಮಾಡಬೇಕೆಂಬ ಹಂಬಲ ತಪ್ಪಲ್ಲ.

ನಾಳೆ ನಿಮ್ಮ ಬಟ್ಟಲಿಗೆ ಮಂಗಳೂರಿನ ಪ್ರದರ್ಶನದಲ್ಲಿ ಒಳ್ಳೆಯ ಬೆಲೆ ಸಿಗಬಹುದು. ಆಗ ಒಂದು ಮಾತು ಮನಸ್ಸಿನಲ್ಲಿರಲಿ. ‘ಕರಕುಶಲ’ ಎಂಬ ಚೀಟಿ ಅಂಟಿಸಿಕೊಂಡ ಹವ್ಯಾಸಿಯ ಒಂದು ಬಟ್ಟಲಿಗೆ ನಾವು ಕೇಳಿದಷ್ಟು ಕೊಡುತ್ತೇವೆ, ಸಂತೆಯಲ್ಲಿ ಕೂತ ಕುಂಬಾರಗಿತ್ತಿಯ ಚಟ್ಟಿಗೆ ಹತ್ತು ರೂಪಾಯಿ ಚೌಕಾಸಿ ಮಾಡುತ್ತೇವೆ. ಇದು ನ್ಯಾಯವಲ್ಲ. ನಿಮಗೆ ಮಣ್ಣು ಕಲಿಸಿದ ಮನೆಯ ಪಾತ್ರೆಗಳನ್ನೂ ನಿಮ್ಮದರ ಪಕ್ಕದಲ್ಲಿಟ್ಟು ಅವರ ಹೆಸರಿನಲ್ಲೇ ಮಾರಿ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಅದರಲ್ಲಿದೆ. ಅರ್ಜಿ ತುಂಬಲು ತಿಳಿಯದೆ ಎಷ್ಟೋ ವೃದ್ಧ ಕುಶಲಕರ್ಮಿಗಳು ಸುಮ್ಮನಿದ್ದಾರೆ. ಓದು-ಬರಹ ಬಲ್ಲ ನೀವು ಅರ್ಧ ದಿನ ಅವರ ಜೊತೆ ಕೂತು ಅದನ್ನು ತುಂಬಿಸಿಕೊಟ್ಟರೆ, ಅದು ಗುರುದಕ್ಷಿಣೆಯೂ ಆಯಿತು, ನೆರೆಯವರ ಹಕ್ಕನ್ನು ಸಲ್ಲಿಸಿದಂತೆಯೂ ಆಯಿತು.

ಬರುವ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡಿ. ತಿಗರಿ ತಿರುಗಿಸುವ ಕೈಗಳಲ್ಲಿ ಹೆಚ್ಚಿನವು ಈಗ ಮುದಿ ಕೈಗಳು. ಆ ಮನೆಗಳ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ, ಅವರನ್ನು ದೂರುವ ಹಕ್ಕು ನಮಗಿಲ್ಲ. ಆದರೆ ಕೇಳುವವರು ಬಂದರೆ ಹೇಳಿಕೊಡಲು ಆ ಹಿರಿಯರು ಇನ್ನೂ ಸಿದ್ಧರಿದ್ದಾರೆ. ಈ ವಿದ್ಯೆಗೆ ಪುಸ್ತಕವಿಲ್ಲ. ಅವರು ಇರುವಾಗಲೇ ಹೋಗಿ ಕೇಳಬೇಕು.